ಹೊಂಗನೂರು ಟೆಂಪೋದ ಕಣ್ಣುಗಳು

ಕಣ್ಣಿಗೆ ಸೂಜಿ ಹಾಕೋ ಜಯಮ್ಮನ ಮನೆ ಎಲ್ಲಿ ಅಂತ ಕೇಳಿದರೆ ರಾಮನಗರದಲ್ಲಿ ಇವತ್ತಿಗೂ ಜನ ಬೀದಿ ತೋರಿಸುತ್ತಾರೆ. ಸೂಜಿ ಹಾಕುತ್ತಿದ್ದವರು ಡಾಕ್ಟರು. ನಾನು ಕಣ್ಣಾಸ್ಪತ್ರೆಯ ನರ್ಸು, ತಲೆ ಹಿಡಿಯುತ್ತಿದ್ದೆ, ಡ್ರಾಪ್ಸ್ ಬಿಡುತ್ತಿದ್ದೆ, ಬೈಯುತ್ತಿದ್ದೆ. ಚುಚ್ಚಿದವರ ಹೆಸರು ಜನ ಮರೆತರು, ಬೈದವಳ ಹೆಸರು ನೆನಪಿಟ್ಟುಕೊಂಡರು. ತರಕಾರಿ ಅಂಗಡಿಯಲ್ಲಿ ನನ್ನನ್ನು ಕಂಡ ಕೂಡಲೇ ಯಾರಾದರೂ ಒಂದು ಕಣ್ಣು ಮುಚ್ಚಿಕೊಂಡರೆ, ಓ ಇವರು ನಮ್ಮ ಹಳೇ ಪೇಷೆಂಟು ಅಂತ ನನಗೆ ಗೊತ್ತಾಗುತ್ತದೆ.

ಮೊನ್ನೆ ಪಕ್ಕದ ಮನೆಯ ಹುಡುಗಿ ನರ್ಸಿಂಗ್ ಮುಗಿಸಿ ಕಣ್ಣಾಸ್ಪತ್ರೆಗೆ ಸೇರಿದಳು. ಆಂಟಿ, ಅಲ್ಲಿ ಏನು ಕಲಿಯಬೇಕು ಹೇಳಿ ಅಂದಳು. ಪುಸ್ತಕದಲ್ಲಿ ಇರುವುದನ್ನೆಲ್ಲ ಅವಳು ಓದಿಕೊಂಡೇ ಬಂದಿದ್ದಾಳೆ, ಮತ್ತೆ ನಾನೇಕೆ ಹೇಳಲಿ? ಪುಸ್ತಕದಲ್ಲಿ ಇಲ್ಲದ್ದು ಹೊಂಗನೂರಿನ ಟೆಂಪೋ. ಅದನ್ನು ಬರೆದಿಡುತ್ತೇನೆ.

ಮೊದಲು ಕಾಯಿಲೆ ಏನೆಂದು ಹೇಳಿಬಿಡುತ್ತೇನೆ. ಕಣ್ಣಿನ ಒಳಗೆ ಹಿಂಬದಿಯಲ್ಲಿ ಒಂದು ಪರದೆ ಇದೆ. ವಯಸ್ಸಾದ ಕೆಲವರಿಗೆ ಆ ಪರದೆಯ ನಟ್ಟನಡುವೆ, ಬೇಡದ ರಕ್ತನಾಳ ಹುಟ್ಟಿಕೊಂಡು ನೀರು ಜಿನುಗುತ್ತದೆ. ಆಗ ಎದುರಿಗೆ ನಿಂತವರ ಕಿವಿ ಕಾಣುತ್ತದೆ, ಮುಖ ಕಾಣುವುದಿಲ್ಲ. ನೆಟ್ಟಗಿರುವ ಕರೆಂಟು ಕಂಬ ಸೊಟ್ಟಗೆ ಕಾಣುತ್ತದೆ. ಕಣ್ಣಿನೊಳಗೇ ಇಂಜೆಕ್ಷನ್ ಕೊಟ್ಟರೆ ಆ ನೀರು ಒಣಗುತ್ತದೆ. ಆದರೆ ಒಂದು ಸಲ ಕೊಟ್ಟರೆ ಮುಗಿಯಲಿಲ್ಲ. ಔಷಧಿಯ ಕಾವು ಇಳಿದ ಮೇಲೆ ಮತ್ತೆ ಜಿನುಗುತ್ತದೆ, ಮತ್ತೆ ಕೊಡಬೇಕು. ತಪ್ಪಿಸಿದರೆ ಪರದೆಯ ಮೇಲೆ ಕಲೆ ಕಟ್ಟುತ್ತದೆ, ಹೋದ ದೃಷ್ಟಿ ವಾಪಸು ಬರುವುದಿಲ್ಲ.

ಕಣ್ಣಿಗೆ ಸೂಜಿ ಅಂದ ತಕ್ಷಣ ಜನ ಹೇಗೆ ಆಡುತ್ತಿದ್ದರು ಅಂತೀರಿ. ಮಾಗಡಿ ಕಡೆಯ ಒಬ್ಬ ಗೌಡರು ತೋಳು ಮಡಚಿ ಕೊಟ್ಟು, ಇಲ್ಲಿಗೇ ಹಾಕಿ, ಅದು ತಾನಾಗೇ ಕಣ್ಣಿಗೆ ಹೋಗುತ್ತೆ ಅಂತ ಪಟ್ಟು ಹಿಡಿದರು. ಕನಕಪುರದಿಂದ ಬಂದ ಒಬ್ಬಾಕೆ, ನನ್ನ ಗಂಡನಿಗೆ ಮೊದಲು ಹಾಕಿ ತೋರಿಸಿ, ಆಮೇಲೆ ನನಗೆ ಅಂದಳು. ಗಂಡನ ಕಣ್ಣು ಚೆನ್ನಾಗಿಯೇ ಇತ್ತು. ಆ ಮಹಾನುಭಾವ ಆಯಿತು ಹಾಕಿ ಅಂತ ಮಂಚದ ಮೇಲೆ ಮಲಗಿಯೂಬಿಟ್ಟ. ಎಬ್ಬಿಸಿ ಕಳಿಸುವುದರಲ್ಲಿ ನನಗೆ ಸಾಕುಬೇಕಾಯಿತು.

ನಿಜ ಹೇಳಬೇಕೆಂದರೆ ಸೂಜಿ ಏನೂ ಅಲ್ಲ. ಮರಗಟ್ಟಿಸುವ ಡ್ರಾಪ್ಸ್ ಬಿಟ್ಟಿರುತ್ತೇವೆ, ಅವರು ಉಸಿರು ಬಿಗಿಹಿಡಿಯುವಷ್ಟರಲ್ಲಿ ಮುಗಿದಿರುತ್ತದೆ. ಕಷ್ಟ ಇರುವುದು ಬರುವುದರಲ್ಲಿ. ತಿಂಗಳು ತಿಂಗಳೂ ಹಟ್ಟಿ ಬಿಡಬೇಕು, ಬಸ್ಸು ಹಿಡಿಯಬೇಕು, ಜೊತೆಗೆ ಒಬ್ಬರನ್ನು ಕಾಡಿ ಬೇಡಿ ಕರೆತರಬೇಕು, ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ವಾಪಸು ಹೋಗಬೇಕು. ಇದನ್ನು ಅರ್ಥ ಮಾಡಿಕೊಳ್ಳುವುದಕ್ಕೆ ನನಗೇ ಬಹಳ ವರ್ಷ ಹಿಡಿಯಿತು.

ಹೊಂಗನೂರಿನವರು ಇದಕ್ಕೆ ತಾವೇ ಒಂದು ದಾರಿ ಮಾಡಿಕೊಂಡಿದ್ದರು. ಆ ಊರು ಮತ್ತು ಸುತ್ತಲ ಹಟ್ಟಿಗಳಿಂದ ಆರು ಜನ ನಮ್ಮಲ್ಲಿಗೆ ಬರುತ್ತಿದ್ದರು. ಆರೂ ಜನ ಸೇರಿ ಪುಟ್ಟರಾಜು ಅನ್ನುವವನ ಟೆಂಪೋ ಮಾತಾಡಿಕೊಂಡಿದ್ದರು. ಗುಂಪಿಗೆ ಯಜಮಾನಿ ದೊಡ್ಡತಾಯಮ್ಮ. ರೇಷ್ಮೆಹುಳ ಸಾಕಿದ ಕೈ, ಬಾಯಿ ಮಾತ್ರ ಎರಡು ಊರಿಗೆ ಸಾಕಾಗುವಷ್ಟು. ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರು ಕೆಂಪಯ್ಯ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಟೆಂಪೋ ಹೊರಡಬೇಕಾದರೆ ಅವರು ಬಾಗಿಲು ಬಡಿದು ರೈಟ್ ಅನ್ನಲೇಬೇಕು, ಇಲ್ಲದಿದ್ದರೆ ಪುಟ್ಟರಾಜು ಗೇರು ಹಾಕುವಂತಿಲ್ಲ.

ಆರನೆಯವಳು ಸಣ್ಣಮ್ಮ. ಕುರಿ ಸಾಕಿದ ಮನೆಯವಳು, ತೆಳ್ಳಗಿನ ಮುದುಕಿ, ಮಾತು ಕಡಿಮೆ. ನಮ್ಮಲ್ಲಿಗೆ ಬರುವ ಹೊತ್ತಿಗಾಗಲೇ ಅವಳ ಎಡಗಣ್ಣು ಕಲೆ ಕಟ್ಟಿ ಹೋಗಿತ್ತು. ಉಳಿದದ್ದು ಬಲಗಣ್ಣು ಒಂದೇ, ಅದರಲ್ಲೂ ನೀರು. ಮೊದಲ ದಿನ ಏನು ತೊಂದರೆ ಅಂತ ಕೇಳಿದಾಗ, ನನ್ನ ಕುರಿಗಳ ಮುಖ ಎಲ್ಲಾ ಒಂದೇ ಥರ ಕಾಣ್ತಾವೆ ಸಿಸ್ಟ್ರಮ್ಮ ಅಂದಳು. ನನಗೆ ಎಲ್ಲ ಕುರಿಗಳ ಮುಖವೂ ಯಾವಾಗಲೂ ಒಂದೇ ಥರ ಕಂಡಿದೆ. ಅವಳಿಗೆ ಹಾಗಲ್ಲ, ಅವಳಿಗೆ ಒಂದೊಂದು ಕುರಿಯೂ ಒಂದೊಂದು ಮನುಷ್ಯ. ಮೂರು ಇಂಜೆಕ್ಷನ್ ಆದ ಮೇಲೆ ಬಂದು, ಮುಖ ಬಂದ್ವು ಕಣವ್ವಾ ಅಂತ ನನ್ನ ಕೈ ಹಿಡಿದುಕೊಂಡಳು. ಆ ಒಂದು ಕಣ್ಣನ್ನು ಉಳಿಸಲೇಬೇಕು ಅಂತ ಅವತ್ತು ನನ್ನೊಳಗೇ ಅಂದುಕೊಂಡೆ.

ಈ ಟೆಂಪೋ ಕೆಂಗಲ್ ಆಂಜನೇಯನ ಹತ್ತಿರ ನಿಲ್ಲದೆ ಮುಂದೆ ಹೋಗುತ್ತಿರಲಿಲ್ಲ. ಬರುವಾಗ ನಿಲ್ಲಲಿ, ಸಂತೋಷ. ಇವರು ಹೋಗುವಾಗಲೂ ನಿಲ್ಲುತ್ತಿದ್ದರು. ಮಂಗಳಾರತಿ ತೆಗೆದುಕೊಂಡ ಮೇಲೆ ನಾವು ಏನು ಮಾಡುತ್ತೇವೆ? ಎರಡೂ ಅಂಗೈ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಈಗ ತಾನೆ ಇಂಜೆಕ್ಷನ್ ಆದ ಕಣ್ಣಿಗೆ ಊರೆಲ್ಲ ಮುಟ್ಟಿದ ಕೈ! ಗೊತ್ತಾದ ದಿನ ನಾನು ಎಗರಾಡಿಬಿಟ್ಟೆ. ಆಮೇಲೆ ಕೆಂಪಯ್ಯನವರು ಒಂದು ಏರ್ಪಾಟು ಮಾಡಿದರು. ವಾಪಸು ಹೋಗುವಾಗ ಪುಟ್ಟರಾಜು ಒಬ್ಬನೇ ಇಳಿದು ಹೋಗಿ, ಆರು ಸಲ ಮಂಗಳಾರತಿ ತೆಗೆದುಕೊಂಡು, ಆರು ಜನರ ಪರವಾಗಿ ತನ್ನ ಕಣ್ಣಿಗೇ ಒತ್ತಿಕೊಳ್ಳಬೇಕು. ಅವನ ಹಣೆಬರಹದಲ್ಲಿ ಅವರ ಪರವಾಗಿ ಇನ್ನೂ ಏನೇನು ಬರೆದಿತ್ತೋ, ಮುಂದೆ ನೋಡುವಿರಂತೆ.

ಹೀಗಿರುವಾಗ ನಮ್ಮಲ್ಲಿಗೆ ಹೊಸ ಡಾಕ್ಟರು ಬಂದರು, ವಿನಯ್ ಅಂತ. ಚಿಕ್ಕ ವಯಸ್ಸು, ಕೈ ಬಹಳ ಹಗುರ, ತಲೆ ತುಂಬ ಹೊಸ ಪದ್ಧತಿ. ಎಲ್ಲರಿಗೂ ತಿಂಗಳು ತಿಂಗಳೂ ಯಾಕೆ ಚುಚ್ಚಬೇಕು ಸಿಸ್ಟರ್, ಒಬ್ಬೊಬ್ಬರ ಕಣ್ಣು ಒಂದೊಂದು ಥರ ಅಂದರು. ಅವರ ಲೆಕ್ಕ ಇಷ್ಟೇ. ಸ್ಕ್ಯಾನ್‌ನಲ್ಲಿ ಕಣ್ಣು ಒಣಗಿದ್ದರೆ ಮುಂದಿನ ಇಂಜೆಕ್ಷನ್ ಎರಡು ವಾರ ತಡ. ಮತ್ತೆ ಒಣಗಿದ್ದರೆ ಇನ್ನೆರಡು ವಾರ ತಡ. ಹೀಗೆ ಹನ್ನೆರಡು ವಾರದವರೆಗೂ ಎಳೆಯಬಹುದು. ನೀರು ಕಾಣಿಸಿದರೆ ಹಿಂದಕ್ಕೆ ಬರುವುದು. ನನಗೆ ಕುಣಿಯುವಷ್ಟು ಖುಷಿಯಾಯಿತು. ಸೂಜಿ ಕಡಿಮೆ, ಓಡಾಟ ಕಡಿಮೆ, ನನಗೆ ಬೈಗುಳದ ಖರ್ಚೂ ಕಡಿಮೆ.

ಕನಕಪುರದವರು, ಮಾಗಡಿಯವರು ಕೈ ಮುಗಿದು ಹೋದರು. ಹೊಂಗನೂರಿನವರು ಮುಖ ಸಿಂಡರಿಸಿದರು. ಐದು ಜನರ ಕಣ್ಣು ಚೆನ್ನಾಗಿ ಒಣಗಿದೆ, ಇನ್ನು ಮೇಲೆ ನೀವು ದೂರ ದೂರಕ್ಕೆ ಬಂದರೆ ಸಾಕು ಅಂದರೆ, ಯಾರೋ ಸತ್ತ ಸುದ್ದಿ ಕೇಳಿದವರ ಹಾಗೆ ನಿಂತರು. ಸಣ್ಣಮ್ಮನ ಕಣ್ಣು ಮಾತ್ರ ಹಟಮಾರಿ. ಆರು ವಾರಕ್ಕಿಂತ ಮುಂದಕ್ಕೆ ಎಳೆದರೆ ನೀರು ಬರುತ್ತಿತ್ತು. ದೊಡ್ಡತಾಯಮ್ಮ ಡಾಕ್ಟರನ್ನು ಬಿಟ್ಟು ನನ್ನ ಕಡೆ ತಿರುಗಿ, ಒಸಿ ಹತ್ರಕ್ಕೇ ಹಾಕ್ಸಿ ಸಿಸ್ಟ್ರಮ್ಮ, ನಮಗೇನೂ ಬೇಜಾರಿಲ್ಲ ಅಂದಳು. ಕಣ್ಣಿಗೆ ಚುಚ್ಚಿ ಅಂತ ಬೇಡಿಕೊಳ್ಳುವ ಜನವನ್ನು ನಾನು ಅದೇ ಮೊದಲು ಕಂಡದ್ದು. ತಿರುಗಾಟದ ಚಪಲ ಇವರಿಗೆ, ಟೆಂಪೋ, ಕೆಂಗಲ್, ತಟ್ಟೆ ಇಡ್ಲಿ ತಪ್ಪಿಹೋಗುತ್ತಲ್ಲ ಅಂತ ಸಂಕಟ ಅಂದುಕೊಂಡೆ.

ಮುಂದಿನ ಸಲ ಬಂದರು ನೋಡಿ, ಐದು ಜನರಿಗೂ ಕಣ್ಣು ಕಾಣುವುದಿಲ್ಲ.

ನಮ್ಮಲ್ಲಿ ಓದು ಬರದವರ ದೃಷ್ಟಿ ನೋಡುವುದಕ್ಕೆ ಒಂದು ಚಾರ್ಟ್ ಇದೆ. ಮೂರು ಹಲ್ಲಿನ ಬಾಚಣಿಗೆಯಂಥ ಗುರುತುಗಳು, ಮೇಲಿನ ಸಾಲಿನಲ್ಲಿ ದೊಡ್ಡವು, ಕೆಳಗೆ ಹೋಗ್ತಾ ಹೋಗ್ತಾ ಚಿಕ್ಕವು. ಹಲ್ಲು ಯಾವ ಕಡೆಗಿದೆ ಅಂತ ಕೈಯಲ್ಲಿ ತೋರಿಸಿ ಬಾಯಲ್ಲೂ ಹೇಳಬೇಕು. ಕೆಂಪಯ್ಯನವರಿಗೆ ಓದು ಬರುತ್ತಿದ್ದರೂ ತನಗೂ ಬಾಚಣಿಗೆಯೇ ಬೇಕು ಅನ್ನುತ್ತಿದ್ದರು. ಕಾರಿಡಾರಿನಲ್ಲಿ ಚಾರ್ಟ್, ಎದುರಿಗೆ ಬೆಂಚು. ಒಬ್ಬರು ಹೇಳುವುದು ಬೆಂಚಿನಲ್ಲಿ ಕೂತ ಎಲ್ಲರಿಗೂ ಕೇಳಿಸುತ್ತದೆ. ಸಣ್ಣಮ್ಮ ಯಾವಾಗಲೂ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು, ಅವಳ ಸರದಿ ಕೊನೆಗೆ.

ಐದು ಜನರೂ ಒಬ್ಬರಾದ ಮೇಲೆ ಒಬ್ಬರು ತಪ್ಪು ತೋರಿಸಿದರು. ಸ್ಕ್ಯಾನ್ ನೋಡಿದರೆ ಐದೂ ಕಣ್ಣು ಒಣಗಿದೆ. ಡಾಕ್ಟರಿಗೆ ತಲೆ ಕೆಟ್ಟಿತು. ಮೆಷಿನ್ ಚೆನ್ನಾಗಿದೆ ಅನ್ನುತ್ತದೆ, ಮನುಷ್ಯ ಕಾಣುವುದಿಲ್ಲ ಅನ್ನುತ್ತಾನೆ, ಯಾರನ್ನು ನಂಬುವುದು? ಚಾರ್ಟಿನ ಬಲ್ಬು ಬದಲಾಯಿಸಿದರು. ಟೇಪು ತರಿಸಿ ದೂರ ಅಳೆದರು. ಚಾರ್ಟನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಕೊನೆಗೆ ತಾವೇ ಕುರ್ಚಿಯಲ್ಲಿ ಕೂತು, ನಾನು ಕೋಲಿನಲ್ಲಿ ತೋರಿಸಿದ್ದನ್ನೆಲ್ಲ ಮೇಲೆ ಕೆಳಗೆ ಅಂತ ಹೇಳಿದರು. ಸರಿಯಾಗಿಯೇ ಹೇಳಿದರು, ಪಾಪ. ರೋಗಿ ಕಾಣಲ್ಲ ಅಂದ ಮೇಲೆ ನಾವು ಉದಾಸೀನ ಮಾಡಬಾರದು ಸಿಸ್ಟರ್ ಅಂತ ಐದು ಜನರನ್ನೂ ಮತ್ತೆ ಹತ್ತಿರದ ಇಂಜೆಕ್ಷನ್ನಿಗೆ ಹಾಕಿದರು. ಹೊಂಗನೂರಿನವರ ಮುಖದಲ್ಲಿ ಮತ್ತೆ ಕಳೆ ಬಂತು.

ಹೀಗೇ ಒಂದಷ್ಟು ತಿಂಗಳು ನಡೆಯಿತು. ಡಾಕ್ಟರು ಔಷಧಿಯ ಮೇಲೆ ಅನುಮಾನ ಪಟ್ಟರು, ಫ್ರಿಜ್ಜಿನ ಮೇಲೆ ಅನುಮಾನ ಪಟ್ಟರು, ಹೊಂಗನೂರಿನ ನೀರಿನ ಮೇಲೂ ಅನುಮಾನ ಪಟ್ಟರು. ಇನ್ನೊಂದು ಸಲ ನೋಡಿ ಐದು ಜನರನ್ನೂ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕಳಿಸಿಬಿಡೋಣ ಅಂದರು. ಅಷ್ಟರಲ್ಲಿ ಪುಟ್ಟರಾಜುವಿನ ಪ್ರಸಂಗ ನಡೆಯಿತು.

ಯಾವ ಕಣ್ಣಿಗೆ ಇಂಜೆಕ್ಷನ್ನೋ ಆ ಹುಬ್ಬಿನ ಮೇಲೆ ನಾವು ಒಂದು ತುಂಡು ಪ್ಲಾಸ್ಟರ್ ಅಂಟಿಸುತ್ತೇವೆ, ಎಡಬಲ ತಪ್ಪಬಾರದು ಅಂತ. ಪ್ಲಾಸ್ಟರ್ ಇದ್ದ ಕಣ್ಣಿಗೆ ಪಾಪೆ ಅಗಲಿಸುವ ಡ್ರಾಪ್ಸ್ ಬಿಡುತ್ತಾ ಹೋಗುವುದು ಚಿಕ್ಕ ಸಿಸ್ಟರ್ ರೂಪಳ ಕೆಲಸ. ಅವತ್ತು ದೊಡ್ಡತಾಯಮ್ಮನಿಗೆ ಬಾತ್‌ರೂಮಿಗೆ ಹೋಗಬೇಕಾಯಿತು. ಹೋದರೆ ಸರದಿ ತಪ್ಪುತ್ತದೆ ಅನ್ನುವ ಭಯ. ಬಸ್ಸಿನಲ್ಲಿ ಸೀಟಿಗೆ ಟವೆಲ್ ಹಾಕಿ ಅಭ್ಯಾಸ ಆದ ಜನ. ಇವಳು ತನ್ನ ಹುಬ್ಬಿನ ಪ್ಲಾಸ್ಟರ್ ಕಿತ್ತು, ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಪುಟ್ಟರಾಜುವಿನ ಹುಬ್ಬಿಗೆ ಅಂಟಿಸಿ ಹೋಗಿದ್ದಾಳೆ. ರೂಪ ಬಂದಳು, ಪ್ಲಾಸ್ಟರ್ ನೋಡಿದಳು, ಕಣ್ಣು ಬಿಡಿಸಿ ಡ್ರಾಪ್ಸ್ ಬಿಟ್ಟಳು. ಅವನು ಎದ್ದು ಏನಿದು ಅಂದರೆ ಬೆಂಚಿನವರೆಲ್ಲ ಸುಮ್ನೆ ಕುಂತ್ಕೊಳ್ಲಾ, ಅವಳು ಬರೋಗಂಟ ಸೀಟು ಬುಡ್ಬೇಡ ಅಂದಿದ್ದಾರೆ.

ನಾನು ಇಂಜೆಕ್ಷನ್ ರೂಮಿನ ಬಾಗಿಲಿಗೆ ಬಂದು ದೊಡ್ಡತಾಯಮ್ಮ ಅಂತ ಕೂಗಿದೆ. ತಲೆಗೆ ಹಸಿರು ಟೋಪಿ ಹಾಕಿಕೊಂಡ, ದಪ್ಪ ಮೀಸೆಯ ಗಂಡಸು ಬಂದು ಮಂಚದ ಮೇಲೆ ಮಲಗಿತು. ಹೆಸರೇನಪ್ಪಾ ಅಂದೆ.

"ದೊಡ್ಡತಾಯಮ್ಮ," ಅಂದ. ನಾನು ದುರುಗುಟ್ಟಿಕೊಂಡು ನೋಡಿದ್ದಕ್ಕೆ, "ಅವ್ರ ಪರವಾಗಿ ಸಿಸ್ಟ್ರಮ್ಮ. ಬತ್ತಾವ್ರೆ ಈಗ," ಅಂದ.

ಮಂಗಳಾರತಿಯಿಂದ ಶುರುವಾದದ್ದು ಇಲ್ಲಿಗೆ ಬಂದು ನಿಂತಿತ್ತು. ಡಾಕ್ಟರು ಗ್ಲೌಸು ಹಾಕಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ಗೋಡೆ ಕಡೆ ತಿರುಗಿ ನಿಂತರು, ಭುಜ ಮಾತ್ರ ಕುಣಿಯುತ್ತಿತ್ತು. ನನಗೆ ನಗು ಬರಲಿಲ್ಲ, ಮೈ ಉರಿದುಹೋಯಿತು. ಪುಟ್ಟರಾಜು, ರೂಪ, ದೊಡ್ಡತಾಯಮ್ಮ ಮೂವರಿಗೂ ಒಂದೇ ಉಸಿರಿನಲ್ಲಿ ಬೈದೆ. ಅವತ್ತಿನಿಂದ ನಾನು ಪ್ಲಾಸ್ಟರನ್ನು ನಂಬಲಿಲ್ಲ. ಹೆಸರು ಕೇಳು, ಮುಖ ನೋಡು, ಚೀಟಿ ನೋಡು, ಆಮೇಲೆ ಡ್ರಾಪ್ಸ್ ಮುಟ್ಟು. ಹೊಸಬರಿಗೆ ಇದೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ.

ಕೆಲಸ ಮುಗಿದ ಮೇಲೆ ಇನ್ನೊಂದು ತಾಪತ್ರಯ ಎದುರಾಯಿತು. ಆರು ಜನರ ಒಂದೊಂದು ಕಣ್ಣಿಗೆ ಪಟ್ಟಿ, ಡ್ರೈವರಿನ ಒಂದು ಕಣ್ಣಿನ ಪಾಪೆ ಅಗಲವಾಗಿ ತೆರೆದುಕೊಂಡಿದೆ. ಸಾಯಂಕಾಲ ರಾಮನಗರದಿಂದ ಚನ್ನಪಟ್ಟಣದ ಕಡೆ ಹೋಗಬೇಕಾದರೆ ಸೂರ್ಯ ನೇರ ಮುಖಕ್ಕೇ ಹೊಡೆಯುತ್ತಾನೆ. ಇವನು ಗಾಡಿ ಓಡಿಸಕೂಡದು ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಬೇರೆ ಡ್ರೈವರ್ ಸಿಗಲಿಲ್ಲ. ಕೊನೆಗೆ ಡಾಕ್ಟರೇ, ನಾನೇ ಓಡಿಸುತ್ತೇನೆ ಬನ್ನಿ ಅಂದುಬಿಟ್ಟರು. ತಲೆ ಹಿಡಿಯುವವಳು ಜೊತೆಗಿರಲಿ ಅಂತ ನಾನೂ ಹತ್ತಿದೆ.

ಡಾಕ್ಟರ ಕಾರಿಗೆ ಗೇರೇ ಇಲ್ಲ, ತಾನಾಗಿ ಬೀಳುವಂಥದ್ದು. ಟೆಂಪೋದ ಗೇರು ಪುಟ್ಟರಾಜುವಿನ ಮಾತು ಬಿಟ್ಟು ಯಾರ ಮಾತೂ ಕೇಳುವುದಿಲ್ಲ. ಆದ್ದರಿಂದ ಡಾಕ್ಟರು ಸ್ಟೇರಿಂಗು ಹಿಡಿದು ಕ್ಲಚ್ ಒತ್ತುವುದು, ಪಕ್ಕದಲ್ಲಿ ಕೂತ ಪುಟ್ಟರಾಜು ಕಣ್ಣು ಮುಚ್ಚಿಕೊಂಡು ಗೇರು ಹಾಕುವುದು. ಹಿಂದೆ ಕೆಂಪಯ್ಯನವರು ರೈಟ್ ಅಂದರು. ಟೆಂಪೋ ನಾಲ್ಕು ಸಲ ಕೆಮ್ಮಿ ಹೊರಟಿತು. ಕೆಂಗಲ್ ಹತ್ತಿರ ಪುಟ್ಟರಾಜು ಎಂದಿನಂತೆ ಇಳಿಯಲು ಹೋದ. ಅವನ ಕಣ್ಣೂ ಇವತ್ತು ಆಸ್ಪತ್ರೆಯ ಕಣ್ಣು, ಒತ್ತಿಕೊಳ್ಳುವಂತಿಲ್ಲ ಅಂತ ದೊಡ್ಡತಾಯಮ್ಮನೇ ತಡೆದಳು. ಅಷ್ಟೂ ಜನರ ಪರವಾಗಿ ಡಾಕ್ಟರು ಹೋಗಿ ಮಂಗಳಾರತಿ ತೆಗೆದುಕೊಂಡು ಬಂದರು.

ಹೊಂಗನೂರು ದಾಟಿ ಹಟ್ಟಿಯ ದಾರಿ ಹಿಡಿದಾಗ ಟೆಂಪೋ ನಿಂತಿತು. ಮುಂದಕ್ಕೆ ಕಾಲುದಾರಿ. ಸಣ್ಣಮ್ಮ ಇಳಿದಳು. ಅವಳಿಗೆ ಕಾಣುವ ಕಣ್ಣು ಅದೊಂದೇ, ಅದಕ್ಕೇ ಪಟ್ಟಿ. ದೊಡ್ಡತಾಯಮ್ಮ ಇಳಿದು ಅವಳ ಕೈ ಹಿಡಿದುಕೊಂಡಳು. ಇನ್ನೊಬ್ಬರು ಮುಂದೆ ನಡೆದು ಕಲ್ಲು, ಹಳ್ಳ, ಮುಳ್ಳು ಅಂತ ಹೇಳುತ್ತಾ ಹೋದರು. ಸಣ್ಣಮ್ಮನ ಮಗಳು ಕೊಟ್ಟ ಊರಲ್ಲಿ, ಮಗ ಕುರಿ ಹಿಂದೆ ಕಾಡು ಮೇಡು ಅಲೆಯುವವನು, ಕತ್ತಲಾದ ಮೇಲೆ ಬರುವವನು. ಡಾಕ್ಟರು ಸ್ಟೇರಿಂಗು ಹಿಡಿದುಕೊಂಡೇ ಅದನ್ನು ನೋಡುತ್ತಿದ್ದರು. ಈಯಮ್ಮ ಒಬ್ಬರೇ ಬಸ್ಸಿನಲ್ಲಿ ಬಂದು ಹೋಗುವುದಾದರೆ ಹೇಗೆ ಅಂತ ಕೇಳಿದರು.

ಕೆಂಪಯ್ಯನವರು ತಲೆ ಕೆರೆದುಕೊಂಡರು. "ಅದಕ್ಕೇ ಸಾ ನಾವು ಸುಳ್ಳು ಹೇಳಿದ್ದು. ನಮಗೆ ಕಾಣ್ತದೆ ಅಂದ್ರೆ ನೀವು ನಮ್ಮನ್ನ ದೂರಕ್ಕೆ ಹಾಕ್ತೀರಿ. ಟೆಂಪೋ ನಿಂತೋಯ್ತದೆ. ಇವಳ ಕಣ್ಣು ಹೋಯ್ತದೆ."

ಅವರೇ ಎಲ್ಲ ಬಿಡಿಸಿ ಹೇಳಿದರು. ಹಲ್ಲು ಮೇಲಿದ್ದರೆ ಕೆಳಗೆ ಅನ್ನುವುದು, ಬಲಕ್ಕಿದ್ದರೆ ಎಡಕ್ಕೆ ಅನ್ನುವುದು, ಐದು ಜನರಿಗೂ ಅದೇ ಕಟ್ಟಪ್ಪಣೆ. ಆಗ ನನಗೆ ಹಣೆ ಹಣೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಕಾಣದವನು ಕುರುಡು ಊಹೆಯಲ್ಲಾದರೂ ಒಂದೆರಡು ಸರಿ ಹೇಳುತ್ತಾನೆ. ಎಲ್ಲವನ್ನೂ ತಪ್ಪದೆ ಉಲ್ಟಾ ಹೇಳಬೇಕಾದರೆ ಎಲ್ಲವೂ ಚೆನ್ನಾಗಿ ಕಾಣಲೇಬೇಕು!

ಡಾಕ್ಟರ ಮುಖ ಕೆಂಪಾಯಿತು. ಬೇಡದಿದ್ದರೂ ಕಣ್ಣಿಗೆ ಸೂಜಿ ಚುಚ್ಚಿಸಿಕೊಂಡಿರಾ, ಪ್ರತಿ ಸೂಜಿಗೂ ಸೋಂಕಿನ ಅಪಾಯ ಇದೆ ಗೊತ್ತಾ ಅಂತ ರೇಗಿದರು. ಗಲಾಟೆ ಕೇಳಿ, ಸಣ್ಣಮ್ಮನನ್ನು ಜೊತೆಗಿದ್ದವರ ಕೈಗೆ ಒಪ್ಪಿಸಿ ವಾಪಸು ಬಂದ ದೊಡ್ಡತಾಯಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಏನ್ ಮಾಡಾದು ಸ್ವಾಮಿ, ಇರುವೆ ಕಚ್ಚಿದಂಗೆ ಆಯ್ತದೆ ಅಷ್ಟೆ. ನಮಗೆ ಕಣ್ಣು ಎರಡವೆ, ಅವಳಿಗೆ ಒಂದೇ ಅಲ್ವಾ," ಅಂದಳು. ಡಾಕ್ಟರು ಸ್ಟೇರಿಂಗು ಬಿಟ್ಟು ಇಳಿದು, ದಾರಿಬದಿಯ ಟೀ ಅಂಗಡಿ ಕಡೆ ನಡೆದರು. ಇದನ್ನು ತಿರುಗಾಟದ ಚಪಲ ಅಂದುಕೊಂಡಿದ್ದಕ್ಕೆ ನನಗೆ ನಾಚಿಕೆಯಾಯಿತು.

ಅಲ್ಲೇ ಟೀ ಅಂಗಡಿಯಲ್ಲಿ ಇತ್ಯರ್ಥವಾಯಿತು. ಸಣ್ಣಮ್ಮನಿಗೆ ಆರು ವಾರ, ಉಳಿದವರಿಗೆ ಹನ್ನೆರಡು ವಾರ. ಐದು ಜನರನ್ನು ಎರಡು ಪಾಳಿ ಮಾಡುವುದು. ಸಣ್ಣಮ್ಮ ಬಂದಾಗಲೆಲ್ಲ ಒಂದು ಪಾಳಿಯವರು ಜೊತೆಗಿರುತ್ತಾರೆ, ಟೆಂಪೋವೂ ನಿಲ್ಲುವುದಿಲ್ಲ, ಬೇಡದ ಸೂಜಿಯೂ ಇಲ್ಲ. ಡಾಕ್ಟರು ಅರ್ಧ ಹೇಳುವಷ್ಟರಲ್ಲಿ ಕೆಂಪಯ್ಯನವರು ಯಾರು ಯಾವ ಪಾಳಿ ಅಂತ ಡ್ಯೂಟಿ ಹಂಚಿ ಮುಗಿಸಿದ್ದರು. ಇಷ್ಟು ಸುಲಭದ್ದು ನಮ್ಮ ತಲೆಗೆ ಹೊಳೆಯುವುದಕ್ಕೆ ಡ್ರೈವರಿನ ಕಣ್ಣಿಗೆ ಡ್ರಾಪ್ಸ್ ಬೀಳಬೇಕಾಯಿತು. ಎಲ್ಲರೂ ಖುಷಿಯಾಗಿ ಟೀ ಕುಡಿದೆವು.

ಆದರೆ ಟೆಂಪೋದ ಹತ್ತಿರ ಡಾಕ್ಟರು ಜೋರಾಗಿ ರೇಗಿದ ಮಾತು ಕಾಲುದಾರಿಯಲ್ಲಿ ಹೋಗುತ್ತಿದ್ದ ಸಣ್ಣಮ್ಮನ ಕಿವಿಗೂ ಬಿದ್ದಿತ್ತು. ತನಗೋಸ್ಕರ ಐದು ಜನ ತಿಂಗಳುಗಟ್ಟಲೆ ಕಣ್ಣಿಗೆ ಸೂಜಿ ಹಾಕಿಸಿಕೊಂಡರು ಅಂತ ಅವಳಿಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಅವಳಿಗೆ ಅದು ಕೇಳಿಸಿತು ಅನ್ನುವುದು ನಮ್ಮ ಯಾರ ಗಮನಕ್ಕೂ ಬರಲಿಲ್ಲ.

ಆರು ವಾರ ಕಳೆದು ಮೊದಲ ಪಾಳಿ ಬಂತು. ದೊಡ್ಡತಾಯಮ್ಮ, ಕೆಂಪಯ್ಯನವರು, ಸಣ್ಣಮ್ಮ. ಅವತ್ತೇ ಸ್ಕ್ಯಾನ್ ಮೆಷಿನ್ ಕೆಟ್ಟು ಕೂತಿತ್ತು. ರಿಪೇರಿಯವನು ಬೆಂಗಳೂರಿನಿಂದ ಬರಬೇಕು, ಇಗೋ ಬಿಡದಿ ದಾಟಿದೆ ಅಂತ ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದ. ಚಾರ್ಟ್ ನೋಡಿಯೇ ತೀರ್ಮಾನ ಮಾಡಬೇಕಾಯಿತು. ಮೊದಲಿಬ್ಬರು ಈ ಸಲ ನಿಯತ್ತಾಗಿ ತೋರಿಸಿದರು. ಸಣ್ಣಮ್ಮ ಕುರ್ಚಿಯಲ್ಲಿ ಕೂತಳು. ನಾನು ಕೋಲು ಇಡುವುದಕ್ಕೇ ಕಾಯದೆ ಸರಸರ ಹೇಳಿಕೊಂಡು ಹೋದಳು, ಮ್ಯಾಕೆ, ಎಡಕ್ಕೆ, ಎಡಕ್ಕೆ, ಕೆಳೀಕೆ, ಬಲಕ್ಕೆ. ಹಿಂದೆಂದೂ ಅವಳು ಇಳಿಯದ ಸಾಲಿನವರೆಗೂ ಇಳಿದಳು. ಒಂದೂ ಸರಿಯಿಲ್ಲ. ಒಂದೊಂದೂ ಪಕ್ಕಾ ಉಲ್ಟಾ.

ನನಗೂ ಡಾಕ್ಟರಿಗೂ ಏಕಕಾಲಕ್ಕೆ ನಗು ಬಂತು. ಪಕ್ಕಾ ಉಲ್ಟಾ ಅಂದರೆ ಪೂರ್ತಿ ಕಾಣುತ್ತದೆ ಅಂತ ತಾನೇ ನಾವು ಕಲಿತ ಪಾಠ? ಇವಳಿಗೂ ಟೆಂಪೋದ ಚಾಳಿ ಹತ್ತಿತು ಸಿಸ್ಟರ್, ಕಣ್ಣು ಇಷ್ಟು ಚೆನ್ನಾಗಿರುವಾಗ ಎಂಟು ಹತ್ತು ವಾರಕ್ಕೆ ಹಾಕಬಹುದು, ಇವತ್ತು ಇಂಜೆಕ್ಷನ್ ಬೇಡ, ಮೆಷಿನ್ ಸರಿಯಾದ ಮೇಲೆ ಬರಲಿ ಅಂದರು. ನಾನೂ ತಲೆಯಾಡಿಸಿದೆ. ಸಣ್ಣಮ್ಮನ ಹತ್ತಿರ ಬಗ್ಗಿ, ನಿಮ್ಮ ಕಣ್ಣು ಚೆನ್ನಾಗಿದೆಯಂತೆ, ಇನ್ನು ಬಹಳ ದಿನ ಬರುವ ಹಾಗಿಲ್ಲ ಅಂದೆ.

ಅವಳು ಎರಡೂ ಕೈ ಎತ್ತಿ ಮುಗಿದಳು. ಮುಖ ಅರಳಿತು. ಎದ್ದು, ಸೆರಗು ಹೊದ್ದು, ಬಾಗಿಲ ಕಡೆ ಹೊರಟೇಬಿಟ್ಟಳು.

ನನಗೆ ಎಲ್ಲೋ ಚುಚ್ಚಿದಂತಾಯಿತು. ಹೊಂಗನೂರಿನವರಿಗೆ ನಿಮ್ಮ ಕಣ್ಣು ಚೆನ್ನಾಗಿದೆ, ದೂರಕ್ಕೆ ಬನ್ನಿ ಅಂದರೆ ಮುಖ ಸಿಂಡರಿಸಬೇಕು. ಜಗಳ ಆಡಬೇಕು. ಒಸಿ ಹತ್ತಿರಕ್ಕೆ ಹಾಕಿ ಅನ್ನಬೇಕು. ಬರುವ ಆಸೆಯಿಂದ ಸುಳ್ಳು ಹೇಳಿದವಳು, ಬರಬೇಡ ಅಂದರೆ ಯಾಕೆ ಕೈ ಮುಗಿದಳು? ನಾನು ಅವಳನ್ನು ತಡೆದು ವಾಪಸು ಕೂರಿಸಿದೆ. ಗೋಡೆಯ ಚಾರ್ಟ್ ಬಿಚ್ಚಿ ತಲೆಕೆಳಗು ಮಾಡಿ ನೇತುಹಾಕಿದೆ. ಈಗ ದೊಡ್ಡ ಗುರುತುಗಳು ಕೆಳಗೆ ಬಂದವು, ಇರುವೆಯಂಥವು ಮೇಲೆ ಹೋದವು. ಇನ್ನೊಂದು ಸಲ ಹೇಳಿ ಸಣ್ಣಮ್ಮಾ ಅಂದೆ.

ಮ್ಯಾಕೆ, ಎಡಕ್ಕೆ, ಎಡಕ್ಕೆ, ಕೆಳೀಕೆ, ಬಲಕ್ಕೆ. ಅದೇ ಮಾತು, ಅದೇ ಕ್ರಮ, ಅದೇ ವೇಗ.

ಡಾಕ್ಟರ ಮುಖದ ನಗು ಹಾಗೇ ಇಳಿದುಹೋಯಿತು. ಅವಳಿಗೆ ಚಾರ್ಟೇ ಕಾಣುತ್ತಿರಲಿಲ್ಲ. ತಿಂಗಳುಗಟ್ಟಲೆ ಬೆಂಚಿನ ತುದಿಯಲ್ಲಿ ಕೂತು ಐದು ಜನ ಹೇಳಿದ್ದನ್ನು ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಕೆಂಪಯ್ಯನವರು ನಮಗೆ ಬಿಡಿಸಿ ಹೇಳಿದ ಉಲ್ಟಾ ಲೆಕ್ಕ ಅವಳ ಕಿವಿಗೆ ಬಿದ್ದಿರಲಿಲ್ಲ. ಅವರು ಸರಿಯಾಗಿ ಹೇಳುತ್ತಿದ್ದಾರೆ ಅಂತ ನಂಬಿಕೊಂಡು, ಅವರ ಸುಳ್ಳನ್ನೇ ಅಚ್ಚುಕಟ್ಟಾಗಿ ಒಪ್ಪಿಸಿದ್ದಳು. ಅವತ್ತು ಮೊದಲಿಬ್ಬರು ಸರಿಯಾಗಿ ಹೇಳಿದ್ದನ್ನು ಕೇಳಿಸಿಕೊಳ್ಳದೆ ತನ್ನ ಪಾಠ ಮರೆಯಬಾರದು ಅಂತ ಒಳಗೊಳಗೇ ಹೇಳಿಕೊಳ್ಳುತ್ತಿದ್ದಳಂತೆ. ನಾವಿಬ್ಬರು ಓದಿದವರು ಆ ಸುಳ್ಳಿಗೆ ಲೆಕ್ಕ ಹಾಕಿ ಅವಳನ್ನು ಮನೆಗೆ ಕಳಿಸುವುದರಲ್ಲಿದ್ದೆವು.

ಕುರಿಗಳ ಮುಖ ಹೇಗಿವೆ ಅಂತ ಮೆಲ್ಲಗೆ ಕೇಳಿದೆ.

"ಹೋದ್ವು ಕಣವ್ವಾ," ಅಂದಳು. "ಎಂಟೊಂಬತ್ತು ದಿನದಿಂದ ಎಲ್ಲಾ ಒಂದೇ ಥರ. ನನ್ನ ದೆಸೆಯಿಂದ ಇವ್ರು ಕಣ್ಣಿಗೆ ಚುಚ್ಚುಸ್ಕೊಂಡ್ರಲ್ಲಾ, ನಾನು ಯಾವ ಮುಖ ಇಟ್ಕೊಂಡು ಇನ್ನೂ ಇವ್ರನ್ನ ಎಳೆದಾಡ್ಲಿ? ಕಣ್ಣು ಕಾಣ್ತದೆ ಅಂದ್ಬುಟ್ರೆ ಎಲ್ರೂ ಬಚಾವಾಯ್ತಾರೆ ಅಂತ."

ದೊಡ್ಡತಾಯಮ್ಮ ಬೆಂಚಿನಿಂದ ಎದ್ದು ಬಂದಳು. ಆ ಕಾರಿಡಾರಿನಲ್ಲಿ ನಾನು ಮೂವತ್ತು ವರ್ಷ ಬೈದಿದ್ದೇನೆ, ಆದರೆ ಅವತ್ತು ಅವಳು ಸಣ್ಣಮ್ಮನಿಗೆ ಬೈದ ಬೈಗುಳದ ಮುಂದೆ ನನ್ನದು ಏನೂ ಅಲ್ಲ. ಬೈಯುತ್ತಾ ಬೈಯುತ್ತಾ ಅತ್ತಳು. ಕೆಂಪಯ್ಯನವರು ಗೋಡೆ ಕಡೆ ತಿರುಗಿ ಮೂಗು ಸೀಟಿಕೊಂಡರು. ನಾನು ಬೇರೆಯವರ ಎದುರಿಗೆ ಅಳುವವಳಲ್ಲ, ಚಾರ್ಟನ್ನು ನೆಟ್ಟಗೆ ಮಾಡುವ ನೆಪದಲ್ಲಿ ನಾನೂ ಗೋಡೆ ಕಡೆ ತಿರುಗಿದೆ. ಡಾಕ್ಟರೊಬ್ಬರೇ ನೆಟ್ಟಗೆ ನಿಂತಿದ್ದವರು. ಮಧ್ಯಾಹ್ನ ಮೆಷಿನ್ ಸರಿಯಾಯಿತು. ಸ್ಕ್ಯಾನ್‌ನಲ್ಲಿ ನೀರು ತುಂಬಿತ್ತು. ಅವತ್ತೇ ಇಂಜೆಕ್ಷನ್ ಆಯಿತು, ಮತ್ತೆ ನಾಲ್ಕು ವಾರಕ್ಕೆ ಬರಬೇಕು ಅಂತಾಯಿತು. ಎರಡೂ ಪಾಳಿಯವರು ಮಾತಾಡಿಕೊಂಡು, ಸೂಜಿ ಇರಲಿ ಬಿಡಲಿ ಯಾರಾದರೂ ಇಬ್ಬರು ಜೊತೆಗೆ ಬರುವುದು ಅಂತ ಮಾಡಿಕೊಂಡರು. ಬರೀ ಜೊತೆಗೆ ಬಂದವರನ್ನು ನಾನು ಬೆಂಚಿನಲ್ಲಿ ಕೂರಿಸುತ್ತಿರಲಿಲ್ಲ, ಗೇಟಿನ ಹತ್ತಿರ ಕೂರಿಸುತ್ತಿದ್ದೆ. ಯಾರ ಹುಬ್ಬಿಗೆ ಯಾರು ಏನು ಅಂಟಿಸುತ್ತಾರೋ ಯಾರಿಗೆ ಗೊತ್ತು.

ಆಸ್ಪತ್ರೆಯಲ್ಲೂ ಕೆಲವು ಬದಲಾದವು. ಒಂದು ಊರಿನವರಿಗೆ ಒಂದೇ ದಿನ ಕೊಡುವುದು, ಸ್ಕ್ಯಾನು ಇಂಜೆಕ್ಷನ್ನು ಎರಡೂ ಅದೇ ದಿನ ಮುಗಿಸುವುದು ಶುರುವಾಯಿತು. ಚಾರ್ಟುಗಳು ನಾಲ್ಕು ಥರದವು ಬಂದವು, ಪ್ರತಿ ಸಲ ಬೇರೆ. ದೃಷ್ಟಿ ನೋಡುವ ಜಾಗಕ್ಕೆ ಬಾಗಿಲು ಬಂತು. ಆಮೇಲೆ ಹೆಚ್ಚು ದಿನ ತಡೆಯುವ ಹೊಸ ಔಷಧಿಯೂ ಬಂತು, ಸಣ್ಣಮ್ಮನಿಗೆ ಅದನ್ನೇ ಹಾಕತೊಡಗಿದರು.

ನಾನು ನಿವೃತ್ತಳಾಗುವ ವಾರ ಹೊಂಗನೂರಿನ ಟೆಂಪೋ ಬಂತು. ಸಣ್ಣಮ್ಮನನ್ನು ಕೂರಿಸಿ ಚಾರ್ಟ್ ತೋರಿಸಿದೆ. ನಿಧಾನವಾಗಿ, ಒಂದೊಂದಕ್ಕೂ ಕಣ್ಣು ಕಿರಿದು ಮಾಡಿ, ನಾಲ್ಕು ಸಾಲು ಸರಿಯಾಗಿ ಹೇಳಿದಳು. ಚಾರ್ಟ್ ತಲೆಕೆಳಗು ಮಾಡಿದೆ. ಇದ್ಯಾಕವ್ವಾ ಉಲ್ಟಾ ಹಾಕಿದೀಯೆ ಅಂದಳು. ಸ್ಕ್ಯಾನ್ ನೋಡಿದ ಡಾಕ್ಟರು ಪೂರ್ತಿ ಒಣಗಿದೆ ಅಂದರು. ಆದರೂ ನನಗೆ ಧೈರ್ಯ ಸಾಲದು. ಮೆಷಿನ್ನೂ ಸುಳ್ಳಾಡಬಹುದು, ಚಾರ್ಟೂ ಸುಳ್ಳಾಡಬಹುದು. ಅವಳ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ಇನ್ನು ಹತ್ತು ವಾರ ಬಿಟ್ಟು ಬಂದರೆ ಸಾಕಂತೆ ಅಂತ ಹೇಳಿ, ಅವಳ ಮುಖವನ್ನೇ ನೋಡುತ್ತಾ ಕಾದೆ.

ಸಣ್ಣಮ್ಮ ಮುಖ ಸಿಂಡರಿಸಿದಳು. "ಅಷ್ಟು ದಿನ ಹಟ್ಟೀಲಿ ಕುಂತ್ಕೊಂಡು ನಾನೇನ್ ಮಾಡ್ಲಿ? ಒಸಿ ಹತ್ರಕ್ಕೆ ಹಾಕ್ಸು," ಅಂದಳು.

ನನ್ನ ಜೀವಕ್ಕೆ ಸಮಾಧಾನವಾಯಿತು.